ವೆನ್ಸಿಮ್, ಇನ್‌ಸೈಟ್ ಮೇಕರ್, ಸ್ಟೆಲ್ಲಾ: ಯಾವುದರಲ್ಲಿ ಚಿತ್ರ ಬರೆಯೋದು?

ಕೆರೆಯ ನೀರಿನಂಥದ್ದು ಕಾಲ ಕಳೆದಂತೆ ಹೇಗೆ ಏರಿಳಿಯುತ್ತದೆ ಎಂದು ಚಿತ್ರ, ಸಮೀಕರಣಗಳಲ್ಲಿ ಬರೆದು ಓಡಿಸಿ ನೋಡುವ (ಸಿಸ್ಟಮ್ ಡೈನಾಮಿಕ್ಸ್) ಸಾಫ್ಟ್‌ವೇರ್‌ಗಳು ಈ ಮೂರೂ. ಖರ್ಚಿನ ಮಾತು ಮೊದಲು. ಬ್ರೌಸರ್‌ನಲ್ಲೇ ತೆರೆಯುವ ಇನ್‌ಸೈಟ್ ಮೇಕರ್ ಉಚಿತ. ವೆನ್ಸಿಮ್‌ನ ಕಲಿಕೆಯ ಆವೃತ್ತಿ ಪಿಎಲ್‌ಇ ಕಲಿಕೆಗೆ ಉಚಿತ, ವ್ಯಾಪಾರದ ಕೆಲಸಕ್ಕೆ ಲೈಸೆನ್ಸ್ ಬೇಕು. ಸ್ಟೆಲ್ಲಾದ ಪೂರ್ಣ ಆವೃತ್ತಿಗೆ ದುಡ್ಡು ಕೊಡಲೇಬೇಕು.

ವ್ಯತ್ಯಾಸ ನಿಜವಾಗಿ ಗೊತ್ತಾಗುವುದು ತಪ್ಪು ಹುಡುಕುವಾಗ. ಕೆರೆಯ ನೀರನ್ನು ಸ್ಟಾಕ್ (ಕೂಡಿಕೊಳ್ಳುವ ಸಂಗ್ರಹ) ಮಾಡಿ ಘನ ಮೀಟರ್ ಎಂದು ಬರೆದಿರಿ ಅನ್ನಿ. ಟೈಮ್ ಯೂನಿಟ್ ದಿನವಾಗಿದ್ದರೆ ಒಳಹರಿವಿನ ಯೂನಿಟ್ 'ಘನ ಮೀಟರ್/ದಿನ' ಆಗಬೇಕು. ಬರೀ 'ಘನ ಮೀಟರ್' ಎಂದು ಬಿಟ್ಟರೆ ವೆನ್ಸಿಮ್‌ನ ಯೂನಿಟ್ಸ್ ಚೆಕ್ (ಅಳತೆಗಳು ಹೊಂದುತ್ತವೆಯೇ ಎಂಬ ಪರೀಕ್ಷೆ) ಅದನ್ನು ಎತ್ತಿ ತೋರಿಸುತ್ತದೆ. ಜೊತೆಗೆ, ಒಂದು ವೇರಿಯಬಲ್ ಏಕೆ ಹಾಗೆ ಏರಿತು ಎಂದು ಕಾರಣಗಳ ಮರ ಹಿಡಿದು ಹಿಂದಕ್ಕೆ ಹೋಗಬಹುದು. ಆದರೆ ಚಿತ್ರದಲ್ಲಿ ಬಾಣ ಎಳೆಯದೆ ಒಂದು ವೇರಿಯಬಲ್‌ನ ಹೆಸರನ್ನು ಇನ್ನೊಂದರ ಸಮೀಕರಣದಲ್ಲಿ ಹಾಕಿದರೆ ವೆನ್ಸಿಮ್ ಒಪ್ಪುವುದಿಲ್ಲ. ಹೊಸಬರು ಎಡವುವುದು ಇಲ್ಲೇ. ಪಿಎಲ್‌ಇಯಲ್ಲಿ ಸಬ್‌ಸ್ಕ್ರಿಪ್ಟ್ (ಒಂದೇ ಸಮೀಕರಣವನ್ನು ಹಲವಕ್ಕೆ ಅನ್ವಯಿಸುವ ಸೌಲಭ್ಯ) ಕೂಡ ಇಲ್ಲ, ಹಾಗಾಗಿ ಹತ್ತು ಕೆರೆಗಳಿದ್ದರೆ ಹತ್ತು ಸಲ ಬರೆಯಬೇಕು, ಬೇಸರದ ಕೆಲಸ.

ಇನ್‌ಸೈಟ್ ಮೇಕರ್‌ನಲ್ಲಿ ಲಿಂಕ್ ಕಳಿಸಿದರೆ ಎದುರಿನವರು ಏನೂ ಇನ್‌ಸ್ಟಾಲ್ ಮಾಡದೆ ಮಾದರಿ ಓಡಿಸುತ್ತಾರೆ. ಏಜೆಂಟ್ ಆಧಾರಿತ ಮಾದರಿಯೂ (ಒಬ್ಬೊಬ್ಬರ ನಡೆಯನ್ನು ಬೇರೆ ಬೇರೆ ಓಡಿಸುವುದು) ಅಲ್ಲೇ ಆಗುತ್ತದೆ. ತರಗತಿಗೆ ಇದು ಸಲೀಸು. ಸಂಶೋಧನೆಗೆ, ಲೂಪ್‌ಗಳ (ಸುತ್ತಿ ಬಂದು ತಮ್ಮ ಮೇಲೇ ಪರಿಣಾಮ ಬೀರುವ ಕಾರಣಗಳ ಸರಣಿ) ಜಾಡು ಹಿಡಿಯಲು, ವೆನ್ಸಿಮ್. ಅಧಿಕಾರಿಗಳ ಮುಂದೆ ಸ್ಲೈಡರ್, ಗುಂಡಿ ಇರುವ ಚೆಂದದ ಪರದೆ ಬೇಕು, ಬಜೆಟ್ಟೂ ಇದೆ ಎಂದಾದರೆ ಸ್ಟೆಲ್ಲಾ.

ಯಾವುದನ್ನೇ ಹಿಡಿದರೂ ಟೈಮ್ ಸ್ಟೆಪ್ (ಲೆಕ್ಕ ಒಂದು ಸಲಕ್ಕೆ ಮುಂದೆ ಹೋಗುವ ಕಾಲದ ಹೆಜ್ಜೆ) 0.1 ಬೇಡ, 0.125 ಇಡಿ: ಕಂಪ್ಯೂಟರ್ ಬಳಸುವ ಬೈನರಿಯಲ್ಲಿ (0, 1ರ ಲೆಕ್ಕ) 0.1 ಪೂರ್ತಿ ಕೂರುವುದಿಲ್ಲ, 0.125 ಕೂರುತ್ತದೆ.