7800ಎಕ್ಸ್3ಡಿಯೋ, 14600ಕೆಯೋ?

ಬರೀ ಗೇಮ್ ಆಡೋ ಕಂಪ್ಯೂಟರ್‌ಗೆ ಈ ಎರಡು ಪ್ರೊಸೆಸರ್‌ಗಳಲ್ಲಿ ನನ್ನ ಓಟು ಎಎಂಡಿಯ ರೈಜನ್ 7 7800ಎಕ್ಸ್3ಡಿಗೆ. ಅದರಲ್ಲಿರೋದು 8 ಕೋರ್ (ಲೆಕ್ಕ ಮಾಡೋ ಘಟಕ). ಇಂಟೆಲ್‌ನ ಕೋರ್ ಐ5-14600ಕೆಯಲ್ಲಿ 14, ಅಂದರೆ 6 ದೊಡ್ಡವು, 8 ಚಿಕ್ಕವು. ಎಣಿಕೆ ನೋಡಿ ಮರುಳಾಗಬೇಡಿ. ರೈಜನ್‌ಗೆ 96 ಎಂಬಿ ಎಲ್3 ಕ್ಯಾಶ್ (ಚಿಪ್‌ನೊಳಗಿನ ವೇಗದ ಮೆಮೊರಿ) ಇದೆ, ಇಂಟೆಲ್‌ಗೆ 24. ಗೇಮ್ ಪದೇ ಪದೇ ಕೇಳೋ ಡೇಟಾ ಚಿಪ್‌ನಲ್ಲೇ ಸಿಕ್ಕರೆ ಪ್ರತಿ ಸಲ ರ‍್ಯಾಮ್‌ವರೆಗೆ ಓಡಬೇಕಿಲ್ಲ. ಸಿಮ್ಯುಲೇಶನ್ ಗೇಮ್‌ಗಳಲ್ಲಿ ಇದು ಎದ್ದು ಕಾಣುತ್ತೆ. 4ಕೆ ಮಾನಿಟರ್ ಆದರೆ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡ್ ಮೇಲೆ; ಆಗ ಎರಡಕ್ಕೂ ಅಂಥ ವ್ಯತ್ಯಾಸ ಗೊತ್ತಾಗಲ್ಲ, ಉಳಿದ ದುಡ್ಡು ಕಾರ್ಡಿಗೇ ಹಾಕಿ.

ಗೇಮ್ ಜೊತೆ ವಿಡಿಯೊ ರೆಂಡರಿಂಗ್ ಕೂಡ ಇದೆಯಾ? ಆಗ 14600ಕೆ ಸರಿ. ಹಳೇ ಡಿಡಿಆರ್4 ರ‍್ಯಾಮ್ ಹಾಕೋಕೆ ಬರೋ ಮದರ್‌ಬೋರ್ಡೂ ಇದಕ್ಕೆ ಸಿಗುತ್ತೆ. ರೈಜನ್ ಕೂರೋ ಎಎಂ5 ಬೋರ್ಡಿನಲ್ಲಿ ಡಿಡಿಆರ್5 ಮಾತ್ರ. ಆದರೆ ಪೂರ್ತಿ ದುಡಿಸಿದರೆ 14600ಕೆ 181 ವ್ಯಾಟ್‌ವರೆಗೆ ಎಳೆಯುತ್ತೆ, ಒಳ್ಳೇ ಕೂಲರ್ ಬೇಕೇ ಬೇಕು. ಎಲ್‌ಜಿಎ1700 ಸಾಕೆಟ್ಟಿನ (14600ಕೆ ಕೂರೋ ಜಾಗ) ಕಥೆಯೂ ಅಲ್ಲಿಗೇ ಮುಗೀತು. ಎಎಂ5 ಬೋರ್ಡಿಗಾದರೆ ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಮುಂದಿನ ಪೀಳಿಗೆಯ 9800ಎಕ್ಸ್3ಡಿ ಕೂರಿಸಬಹುದು.

ಯಾವುದೇ ತಗೊಂಡರೂ ರ‍್ಯಾಮ್ ಎರಡು ಕಡ್ಡಿ ತಗೊಳ್ಳಿ. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇದು, ನಾಲ್ಕನೇದು. ಆಮೇಲೆ ಬಯಾಸ್‌ನಲ್ಲಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ (ರ‍್ಯಾಮನ್ನ ಅದರ ಪೂರ್ತಿ ವೇಗಕ್ಕೆ ತರೋ ಸೆಟ್ಟಿಂಗ್) ಆನ್ ಮಾಡಿ. ಇಲ್ಲದಿದ್ದರೆ 6000 ವೇಗದ ರ‍್ಯಾಮ್ 4800ರಲ್ಲೇ ತೆವಳುತ್ತಿರುತ್ತೆ.