ಬ್ಯಾಕ್ಯುಲಾ ಜೊತೆ ಎಲ್‌ಟಿಒ-6 ಟೇಪ್: ಆರು ವರ್ಷದ ಅನುಭವ

ನಮ್ಮದು ಮೈಸೂರಿನಲ್ಲಿ ಮದುವೆ ಫೋಟೊ, ವಿಡಿಯೊ ಮಾಡುವ ಸ್ಟುಡಿಯೊ. ಸರ್ವರ್, ಲೆಕ್ಕದ ಕಂಪ್ಯೂಟರ್ ಎಲ್ಲದರ ಬ್ಯಾಕಪ್ಪೂ ಆರು ವರ್ಷದಿಂದ ಬ್ಯಾಕ್ಯುಲಾ ಎಂಬ ಬ್ಯಾಕಪ್ ಸಾಫ್ಟ್‌ವೇರ್ ಮೂಲಕ ಎಲ್‌ಟಿಒ-6 ಎಂಬ ಮ್ಯಾಗ್ನೆಟಿಕ್ ಟೇಪಿಗೆ ಹೋಗುತ್ತಿದೆ. ಆಟೊಲೋಡರ್ ಇಲ್ಲ, ಟೇಪ್ ಬದಲಾಯಿಸುವುದು ನಾನೇ.

ಮೊದಲ ವರ್ಷ ಟೇಪ್ ಕೊಂಡು ಕೊಂಡು ಸಾಕಾಯಿತು. ತಪ್ಪು ನನ್ನದೇ. ಎಲ್ಲದಕ್ಕೂ ಒಂದೇ ಪೂಲ್ (ಒಂದೇ ನಿಯಮದ ಟೇಪುಗಳ ಗುಂಪು) ಮಾಡಿ, ವಾಲ್ಯೂಮ್ ರಿಟೆನ್ಶನ್, ಅಂದರೆ ಟೇಪನ್ನು ಅಳಿಸದೆ ಇಟ್ಟುಕೊಳ್ಳುವ ಅವಧಿ, ಇದ್ದ ಹಾಗೇ ಬಿಟ್ಟಿದ್ದೆ. ಅದು ಡೀಫಾಲ್ಟ್ ಆಗಿ 365 ದಿನ. ಟೇಪಿನ ನಡುವಿನ ಒಂದು ಜಾಬ್ (ಒಂದು ಸಲದ ಬ್ಯಾಕಪ್) ಅಳಿಸಿ ಅಷ್ಟು ಜಾಗ ಮಾತ್ರ ಬಿಡಿಸಿಕೊಳ್ಳಲು ಬರುವುದಿಲ್ಲ, ಟೇಪ್ ಮರುಬಳಕೆಗೆ ಬಂದರೆ ಪೂರ್ತಿ ಬರಬೇಕು. ಹಾಗಾಗಿ ದಿನದ ಚಿಲ್ಲರೆ ಇನ್‌ಕ್ರಿಮೆಂಟಲ್ (ಬದಲಾದದ್ದು ಮಾತ್ರ) ಬ್ಯಾಕಪ್ ಇರುವ ಟೇಪ್ ಕೂಡ ವರ್ಷವಿಡೀ ಸುಮ್ನೆ ಕೂತಿತ್ತು. ಒಂದು ರಾತ್ರಿ ಟೇಪುಗಳ ಸ್ಥಿತಿ ತೋರಿಸುವ ಲಿಸ್ಟ್ ಮೀಡಿಯಾ ಕಮಾಂಡ್ ಕೊಟ್ಟು ನೋಡಿದರೆ ಹದಿನೆಂಟು ಟೇಪೂ ‘ಫುಲ್’. ಬೆಳಿಗ್ಗೆ ಎರಡು ಮದುವೆಯ ಮೆಮೊರಿ ಕಾರ್ಡ್ ಖಾಲಿ ಮಾಡಬೇಕಿತ್ತು. ನಿದ್ದೆಯೇ ಬರಲಿಲ್ಲ.

ಆಮೇಲೆ ಮೂರು ಪೂಲ್ ಮಾಡಿದೆ. ದಿನದ ಬ್ಯಾಕಪ್‌ಗೆ 40 ದಿನ, ತಿಂಗಳ ಫುಲ್ ಬ್ಯಾಕಪ್‌ಗೆ ಆರು ತಿಂಗಳು, ಮುಗಿದ ಮದುವೆಗಳಿಗೆ ಹತ್ತು ವರ್ಷ. ರಿಟೆನ್ಶನ್ ಲೆಕ್ಕ ಶುರುವಾಗುವುದು ಟೇಪಿಗೆ ಕೊನೆಯ ಸಲ ಬರೆದ ಹೊತ್ತಿನಿಂದ, ದಿನಾ ಸ್ವಲ್ಪ ಸ್ವಲ್ಪ ಬರೆಯುತ್ತಲೇ ಇದ್ದರೆ ಅದು ಮುಂದೆ ಮುಂದೆ ಹೋಗುತ್ತಲೇ ಇರುತ್ತದೆ, ಅದಕ್ಕೇ ದಿನದ ಪೂಲ್‌ಗೆ ವಾಲ್ಯೂಮ್ ಯೂಸ್ ಡ್ಯುರೇಶನ್ (ಒಂದು ಟೇಪಿಗೆ ಎಷ್ಟು ದಿನ ಬರೆಯಬಹುದು ಎಂಬ ಮಿತಿ) ಏಳು ದಿನ ಇಟ್ಟೆ. ಟೇಪ್ ಅರ್ಧ ಖಾಲಿ ಇದ್ದರೂ ಮುಚ್ಚಿಕೊಳ್ಳುತ್ತದೆ, ಪರವಾಗಿಲ್ಲ, ಬೇಗ ಕೈಗೆ ಬರುತ್ತದೆ. ಇನ್ನೊಂದು ಮಾತು: ಕಾನ್ಫಿಗ್ ಫೈಲಿನಲ್ಲಿ ದಿನ ಬದಲಾಯಿಸಿದರೆ ಹಳೆಯ ಟೇಪುಗಳಿಗೆ ಅದು ತಾಗುವುದಿಲ್ಲ. ಬ್ಯಾಕ್ಯುಲಾಗೆ ಕಮಾಂಡ್ ಕೊಡುವ ಬಿಕನ್ಸೋಲ್‌ನಲ್ಲಿ ಅಪ್‌ಡೇಟ್ ಕೊಡಲೇಬೇಕು. ಇದು ಗೊತ್ತಾಗಲು ನನಗೆ ಎರಡು ವಾರ ಹಿಡಿಯಿತು.

ಡ್ರೈವ್ ಸೆಕೆಂಡಿಗೆ 160 ಎಂಬಿ ಬರೆಯುತ್ತದೆ, ನಮ್ಮ ಗಿಗಾಬಿಟ್ ನೆಟ್‌ವರ್ಕ್ ಅಷ್ಟು ಕೊಡುವುದಿಲ್ಲ. ಡೇಟಾ ಸಾಲದೆ ಟೇಪ್ ನಿಂತು, ಹಿಂದೆ ಸರಿದು, ಮತ್ತೆ ಓಡುವ ಗರ್ರ್ ಗರ್ರ್ ಸದ್ದು ಕೇಳಿದರೆ ಸಂಕಟವಾಗುತ್ತಿತ್ತು. ಮೊದಲು ಎಸ್‌ಎಸ್‌ಡಿಗೆ ಸ್ಪೂಲ್ ಮಾಡಿಸಿದ (ಡೇಟಾ ಅಲ್ಲಿ ಕೂಡಿಹಾಕಿ ಆಮೇಲೆ ಟೇಪಿಗೆ ಕಳಿಸುವ) ಮೇಲೆ ಒಂದೇ ಸಮ ಓಡುತ್ತದೆ.

ಡಬ್ಬಿಯ ಮೇಲಿನ 6.25 ಟಿಬಿ ನಂಬಬೇಡಿ. ಅದು ಕಂಪ್ರೆಶನ್ ಸೇರಿಸಿದ ಲೆಕ್ಕ. ಜೆಪೆಗ್, ವಿಡಿಯೊ ಮೊದಲೇ ಕುಗ್ಗಿರುತ್ತವೆ ಅಲ್ವಾ, ಅವಕ್ಕೆ ಸಿಗುವುದು 2.5 ಟಿಬಿಯೇ. ಮುಂದೆ ಡ್ರೈವ್ ಬದಲಾಯಿಸುವಾಗಲೂ ಹುಷಾರು: ಎಲ್‌ಟಿಒ-7 ಡ್ರೈವ್ ಈ ಟೇಪ್ ಓದುತ್ತದೆ, ಎಲ್‌ಟಿಒ-8 ಓದುವುದಿಲ್ಲ.

ಕಲಿಯುವುದು ಕಷ್ಟ, ನಿಜ. ಆದರೂ ಬಿಡುವ ಮನಸ್ಸಿಲ್ಲ. ಹತ್ತು ವರ್ಷದ ಪೂಲ್‌ಗೆ ಫೈಲ್ ರಿಟೆನ್ಶನ್, ಜಾಬ್ ರಿಟೆನ್ಶನ್ ಕೂಡ ಅಷ್ಟೇ ಇಟ್ಟಿದ್ದೇನೆ, ಇಲ್ಲದಿದ್ದರೆ ಯಾವ ಫೈಲ್ ಯಾವ ಟೇಪಿನಲ್ಲಿದೆ ಎಂದು ಬರೆದಿಟ್ಟುಕೊಳ್ಳುವ ಬ್ಯಾಕ್ಯುಲಾದ ಕ್ಯಾಟಲಾಗ್‌ನಿಂದ ಫೈಲ್ ಹೆಸರುಗಳೇ ಮೊದಲು ಹೋಗಿಬಿಡುತ್ತವೆ. ಹೋದ ತಿಂಗಳು ಒಬ್ಬ ಹುಡುಗಿ ಬಂದು, ‘ಅಪ್ಪ ತೀರಿಕೊಂಡರು, ನನ್ನ ಮದುವೆಯ ಧಾರೆ ವಿಡಿಯೊ ಇದೆಯಾ ಅಣ್ಣಾ’ ಎಂದು ಕೇಳಿದಳು. ಯಾವ ಟೇಪ್ ಎಂದು ಬ್ಯಾಕ್ಯುಲಾನೇ ಹೇಳಿತು. ಬೀರುವಿನಿಂದ ತೆಗೆದು ಹಾಕಿದೆ. ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಫೈಲ್ ಬಂದಿತ್ತು.