ರೂಟ್ ತೆಗೆದು ಬೂಟ್‌ಲೋಡರ್ ವಾಪಸ್ ಲಾಕ್ ಮಾಡೋಕೆ ಹೊರಟಿದ್ದೀರಾ? ಒಂದ್ಸಲ ಇದನ್ನ ಓದಿ

ಆಂಡ್ರಾಯ್ಡ್ ಫೋನ್ ರೂಟ್ ಮಾಡ್ಬೇಕಾ (ಅಂದ್ರೆ ಸಿಸ್ಟಮ್ ಮೇಲೆ ಪೂರ್ತಿ ಅಧಿಕಾರ ತಗೋಬೇಕಾ) ಬೇಡ್ವಾ ಅಂತ ಯೋಚನೆ ಮಾಡ್ತಿರೋರು, ಅದಕ್ಕಿಂತ ಮುಖ್ಯವಾಗಿ ಈಗಾಗ್ಲೇ ರೂಟ್ ಮಾಡಿ ಸಾಕಾಗಿ ಮೊದಲಿನ ಥರ ಮಾಡ್ಕೊಂಡ್ಬಿಡೋಣ ಅಂತಿರೋರು, ದಯವಿಟ್ಟು ಪೂರ್ತಿ ಓದಿ. ರೂಟ್ ಮಾಡೋದು ಹೇಗೆ ಅಂತ ತೋರಿಸೋ ವಿಡಿಯೋ ಬೇಕಾದಷ್ಟಿವೆ, ಅದ್ರಿಂದ ಹೊರಗೆ ಬರೋದು ಹೇಗೆ ಅಂತ ಸರಿಯಾಗಿ ಹೇಳೋರು ತೀರಾ ಕಮ್ಮಿ. ನನ್ನ ಫೋನ್ ಹಾಳಾಗಿದ್ದು ಹೊರಗೆ ಬರೋವಾಗ್ಲೇ.

ರೂಟ್ ಮಾಡೋವಾಗ ಒಂದು ಚೂರೂ ತೊಂದ್ರೆ ಆಗ್ಲಿಲ್ಲ. ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆಗೆದು, ಒಇಎಂ ಅನ್‌ಲಾಕಿಂಗ್ ಆನ್ ಮಾಡಿ, ಬೂಟ್‌ಲೋಡರ್ (ಫೋನ್ ಆನ್ ಮಾಡ್ದಾಗ ಸಿಸ್ಟಮ್ ಶುರು ಮಾಡೋ ಪ್ರೋಗ್ರಾಂ) ಅನ್‌ಲಾಕ್ ಮಾಡಿದೆ. ಆಗ ಫೋನಲ್ಲಿರೋದೆಲ್ಲ ಅಳಿಸಿ ಹೋಗತ್ತೆ ಅನ್ನೋದು ಗೊತ್ತಿತ್ತು, ಫೋಟೋ ಎಲ್ಲ ಮೊದಲೇ ಕಾಪಿ ಮಾಡಿಟ್ಟಿದ್ದೆ. ಆಮೇಲೆ ನನ್ನ ಮಾಡೆಲ್‌ದೇ ಫ್ಯಾಕ್ಟರಿ ಇಮೇಜ್ (ಕಂಪನಿ ಕೊಡೋ ಒರಿಜಿನಲ್ ಸಾಫ್ಟ್‌ವೇರ್) ಇಳಿಸಿ, ಅದರೊಳಗಿನ ಬೂಟ್ ಇಮೇಜನ್ನ (ಫೋನ್ ಶುರುವಾಗೋಕೆ ಬೇಕಾದ ಫೈಲ್) ಮ್ಯಾಜಿಸ್ಕ್ ಅನ್ನೋ ರೂಟ್ ಆಪಲ್ಲಿ ಪ್ಯಾಚ್ ಮಾಡಿ ಫ್ಲಾಶ್ ಮಾಡಿದೆ, ಅಂದ್ರೆ ಫೋನಿಗೆ ಬರೆದೆ. ವಿಡಿಯೋದಲ್ಲಿ ಹೇಳಿದ ಹಾಗೆ ವಿಬಿಮೆಟಾ ಅನ್ನೋ ಪಾರ್ಟಿಷನ್‌ಗೂ (ಸಾಫ್ಟ್‌ವೇರ್ ಅಸಲಿನಾ ಅಂತ ತಾಳೆ ನೋಡೋ ಮಾಹಿತಿ ಇರೋ ಜಾಗ) ವೆರಿಟಿ, ವೆರಿಫಿಕೇಶನ್ ಅನ್ನೋ ಎರಡೂ ತಪಾಸಣೆನ ಆಫ್ ಮಾಡೋ ಒಂದು ಕಮಾಂಡ್ ಕೊಟ್ಟಾಯ್ತು. ಈ ಒಂದು ಸಾಲನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಎಲ್ಲಾ ಕೆಟ್ಟಿದ್ದು ಇದ್ರಿಂದ.

ಆಡ್ಸ್ ಇಲ್ಲ, ಬೇಡದ ಆಪ್‌ಗಳಿಲ್ಲ, ಫೋನ್ ಕೇಳಿದ ಹಾಗೆ ಕೇಳತ್ತೆ, ಸ್ವಲ್ಪ ದಿನ ತುಂಬಾ ಖುಷಿಯಾಗಿದ್ದೆ. ಆಮೇಲೆ ಬ್ಯಾಂಕ್ ಆಪ್ ತೆಗೆದ್ರೆ ಈ ಡಿವೈಸ್ ಸುರಕ್ಷಿತವಲ್ಲ ಅಂತ ತೋರಿಸಿ ಕ್ಲೋಸ್ ಆಗೋಕೆ ಶುರುವಾಯ್ತು. ಗೂಗಲ್‌ನ ಪ್ಲೇ ಇಂಟೆಗ್ರಿಟಿ ಅನ್ನೋ ವ್ಯವಸ್ಥೆ ಮೂಲಕ ಇಂಥ ಆಪ್‌ಗಳು ಫೋನಿನ ಬೂಟ್‌ಲೋಡರ್ ಲಾಕ್ ಆಗಿದ್ಯಾ, ಸಾಫ್ಟ್‌ವೇರ್ ಕಂಪನಿ ಕೊಟ್ಟಿದ್ದೇನಾ ಅಂತ ಕೇಳ್ಕೊಳ್ತವೆ, ಈಗಿನ ಫೋನ್‌ಗಳಲ್ಲಿ ಆ ಉತ್ತರಕ್ಕೆ ಚಿಪ್ಪೊಳಗಿನ ಕೀ ಸಹಿ ಹಾಕತ್ತೆ, ಹಾಗಾಗಿ ಮುಂಚಿನ ಥರ ಒಂದು ಟಿಕ್ ಹಾಕಿ ರೂಟ್ ಬಚ್ಚಿಡೋಕೆ ಆಗಲ್ಲ. ಬಚ್ಚಿಡೋ ಮಾಡ್ಯೂಲ್ (ಮ್ಯಾಜಿಸ್ಕ್‌ಗೆ ಸೇರಿಸೋ ಚಿಕ್ಕ ಪ್ರೋಗ್ರಾಂ) ಹುಡುಕ್ಕೊಂಡು ಹೋದ್ರೆ ಎಲ್ಲಿಂದಲೋ ಲೀಕ್ ಆದ ಕೀಬಾಕ್ಸ್ ಫೈಲ್ (ಬೇರೆ ಫೋನಿನ ಆ ಸಹಿ ಹಾಕೋ ಕೀ ಇರೋ ಫೈಲ್) ಹಾಕಿ ಅಂತಾರೆ, ಅದು ಕೆಲಸ ಮಾಡತ್ತೆ, ಗೂಗಲ್ ಆ ಕೀನ ರದ್ದು ಮಾಡಿದ ದಿನ ನಿಲ್ಲತ್ತೆ, ಮತ್ತೆ ಹೊಸದು ಹುಡುಕ್ಬೇಕು.

ಇಲ್ಲಿ ಒಂದು ವಿಷಯ ಸ್ವಲ್ಪ ತಣ್ಣಗೆ ಯೋಚನೆ ಮಾಡಿ. ಆಂಡ್ರಾಯ್ಡಲ್ಲಿ ಒಂದು ಆಪ್ ಇನ್ನೊಂದು ಆಪ್‌ನ ಡೇಟಾ ನೋಡೋಕಾಗಲ್ಲ, ಪ್ರತಿಯೊಂದಕ್ಕೂ ಬೇರೆ ಬೇರೆ ಯೂಸರ್ ಐಡಿ ಇರತ್ತೆ, ಮಧ್ಯ ಗೋಡೆ ಇದ್ದ ಹಾಗೆ. ರೂಟ್ ಇರೋ ಮಾಡ್ಯೂಲ್‌ಗೆ ಆ ಗೋಡೆನೇ ಇಲ್ಲ. ಅಂದ್ರೆ ಬ್ಯಾಂಕ್ ಆಪ್ ಓಡ್ಲಿ ಅಂತ, ಹೆಸರು ಊರು ಗೊತ್ತಿಲ್ದೇ ಇರೋ ಯಾರೋ ಬರೆದ ಕೋಡ್‌ಗೆ ಅದೇ ಬ್ಯಾಂಕ್ ಆಪ್ ಇರೋ ಫೋನಿನ ಪೂರ್ತಿ ಅಧಿಕಾರ ಕೊಡ್ತಾ ಇದ್ದೀವಿ. ಇದು ಅರ್ಥ ಆದ ದಿನಾನೇ ರೂಟ್ ಸಾಕು ಅಂತ ತೀರ್ಮಾನ ಮಾಡಿದೆ. ಓಟಿಎ ಅಪ್‌ಡೇಟ್ (ನೆಟ್ ಮೂಲಕ ಫೋನಿಗೇ ಬರೋ ಅಪ್‌ಡೇಟ್) ಇನ್‌ಸ್ಟಾಲ್ ಆಗ್ದೆ ಫೇಲ್ ಆಗ್ತಿದ್ದಿದ್ದು, ವೈಡ್‌ವೈನ್ (ವಿಡಿಯೋ ಕಾಪಿ ಆಗ್ದಂತೆ ಕಾಯೋ ವ್ಯವಸ್ಥೆ) ಮಟ್ಟ ಎಲ್1 ಇಂದ ಎಲ್3ಗೆ ಇಳಿದು ಸಿನಿಮಾ ಆಪ್‌ಗಳಲ್ಲಿ ಎಚ್‌ಡಿ ಹೋಗಿದ್ದು ಬೇರೆ.

ಈಗ ವಾಪಸ್ ಬಂದ ಕಥೆ. ನಾನು ನೋಡಿದ ಗೈಡಲ್ಲಿ ಇದ್ದಿದ್ದು ಎರಡೇ ಹೆಜ್ಜೆ: ಮ್ಯಾಜಿಸ್ಕ್ ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ, ಆಮೇಲೆ ಫಾಸ್ಟ್‌ಬೂಟಲ್ಲಿ (ಬೂಟ್‌ಲೋಡರ್‌ಗೆ ಕಂಪ್ಯೂಟರಿಂದ ಕಮಾಂಡ್ ಕೊಡೋ ಟೂಲ್) ಲಾಕ್ ಕಮಾಂಡ್ ಕೊಡಿ. ಹಾಗೇ ಮಾಡಿದೆ. ಲಾಕ್ ಮಾಡ್ಲಾ ಅಂತ ಕೇಳ್ತು, ವಾಲ್ಯೂಮ್ ಬಟನಲ್ಲಿ ಹೌದು ಅಂತ ಆರಿಸಿ ಪವರ್ ಒತ್ತಿದೆ, ಡೇಟಾ ಅಳಿಸ್ತು, ರೀಬೂಟ್ ಆಯ್ತು, ಆಮೇಲೆ ಕಪ್ಪು ಸ್ಕ್ರೀನ್ ಮೇಲೆ ಕೆಂಪು ಗುರುತು, ನಿಮ್ಮ ಡಿವೈಸ್ ಕರಪ್ಟ್ ಆಗಿದೆ, ಇದನ್ನ ನಂಬೋಕಾಗಲ್ಲ, ಬೂಟ್ ಆಗಲ್ಲ ಅಂತ ಇಂಗ್ಲಿಷಲ್ಲಿ ಮೆಸೇಜು. ಅಷ್ಟೇ, ಅದ್ರಿಂದ ಮುಂದೆ ಹೋಗ್ಲೇ ಇಲ್ಲ.

ಆಗಿದ್ದೇನಂದ್ರೆ, ಮ್ಯಾಜಿಸ್ಕ್ ಅನ್‌ಇನ್‌ಸ್ಟಾಲ್ ಮಾಡಿದ್ರೆ ಬೂಟ್ ಇಮೇಜ್ ಮಾತ್ರ ಮೊದಲಿನಂತೆ ಆಗತ್ತೆ. ಆವತ್ತು ಮುಟ್ಟಿದ ವಿಬಿಮೆಟಾ ಹಾಗೇ ಉಳಿದಿತ್ತು, ವೆರಿಟಿ ಆಫ್ ಮಾಡೋ ಕಮಾಂಡ್ ಆ ಫೈಲಿನ ಒಳಗಡೆ ಫ್ಲಾಗ್ ಬದಲಾಯಿಸೋದ್ರಿಂದ ಕಂಪನಿಯ ಸಹಿಗೆ ಅದು ತಾಳೆ ಆಗಲ್ಲ. ಬೂಟ್‌ಲೋಡರ್ ಅನ್‌ಲಾಕ್ ಇದ್ದಾಗ ಒಂದು ಎಚ್ಚರಿಕೆ ತೋರಿಸಿ ಬಿಟ್ಬಿಡತ್ತೆ, ಲಾಕ್ ಆದ್ಮೇಲೆ ಬಿಡಲ್ಲ. ಮತ್ತೆ ಅನ್‌ಲಾಕ್ ಮಾಡೋಣ ಅಂದ್ರೆ ಅನುಮತಿ ಇಲ್ಲ ಅಂತ ಉತ್ತರ, ಯಾಕಂದ್ರೆ ಲಾಕ್ ಆಗೋವಾಗ ಒಇಎಂ ಅನ್‌ಲಾಕಿಂಗ್ ಸ್ವಿಚ್ಚೂ ಆಫ್ ಆಗಿತ್ತು. ಅದನ್ನ ಆನ್ ಮಾಡೋಕೆ ಸೆಟ್ಟಿಂಗ್ಸ್‌ಗೆ ಹೋಗ್ಬೇಕು, ಸೆಟ್ಟಿಂಗ್ಸ್‌ಗೆ ಹೋಗೋಕೆ ಫೋನ್ ಬೂಟ್ ಆಗ್ಬೇಕು, ಬೂಟ್ ಆಗೋಕೆ ಸರಿಯಾದ ಇಮೇಜ್ ಫ್ಲಾಶ್ ಮಾಡ್ಬೇಕು, ಲಾಕ್ ಆಗಿರೋದ್ರಿಂದ ಫ್ಲಾಶ್ ಆಗಲ್ಲ. ಸರ್ವಿಸ್ ಸೆಂಟರಲ್ಲಿ ಮದರ್‌ಬೋರ್ಡ್ ಬದಲಾಯಿಸ್ಬೇಕು, ವಾರಂಟಿ ಬರಲ್ಲ ಅಂದ್ರು.

ಫೋನಿಗಿಂತ ಹೆಚ್ಚು ಹೊಟ್ಟೆ ಉರಿದಿದ್ದು ಲಾಗಿನ್‌ಗಳದ್ದು. ಆಪ್ ಡೇಟಾನೆಲ್ಲ ರೂಟ್ ಬ್ಯಾಕಪ್ ಟೂಲಲ್ಲಿ ತೆಗೆದು ಕಂಪ್ಯೂಟರ್‌ಗೆ ಹಾಕಿಟ್ಟಿದ್ದೆ, ಇನ್ನೊಂದು ಫೋನಿಗೆ ರಿಸ್ಟೋರ್ ಮಾಡಿದ್ರೆ ಕೆಲವು ಆಪ್‌ಗಳು ತೆರೀಲೇ ಇಲ್ಲ. ಅವುಗಳ ಡೇಟಾ ಎನ್‌ಕ್ರಿಪ್ಟ್ ಆಗಿರತ್ತೆ, ಬೀಗದ ಕೀ ಹಳೇ ಫೋನಿನ ಕೀಸ್ಟೋರಲ್ಲಿ, ಹಾರ್ಡ್‌ವೇರ್ ಒಳಗಿರತ್ತೆ, ಅದನ್ನ ರೂಟ್ ಇದ್ರೂ ಹೊರಗೆ ತೆಗೆಯೋಕಾಗಲ್ಲ. ಅದರಲ್ಲಿ ಎರಡು ಹಂತದ ಲಾಗಿನ್ ಕೋಡ್ ಕೊಡೋ ಆಪ್ ಕೂಡ ಒಂದು. ಒಂದೊಂದು ಅಕೌಂಟ್‌ಗೂ ನಾನೇ ನಾನು ಅಂತ ಸಾಬೀತು ಮಾಡ್ಕೊಂಡು ಒದ್ದಾಡ್ಬೇಕಾಯ್ತು.

ಇನ್ನೂ ರೂಟ್ ಮಾಡ್ದೇ ಇರೋರು ಯಾಕೆ ಬೇಕು ಅಂತ ಮೊದಲು ಕೇಳ್ಕೊಳ್ಳಿ. ಆಡ್ಸ್ ತಡೆಯೋಕಾದ್ರೆ ಆಂಡ್ರಾಯ್ಡ್ 9ರಿಂದ ಪ್ರೈವೇಟ್ ಡಿಎನ್‌ಎಸ್ (ಆಡ್ಸ್ ಬರೋ ವಿಳಾಸಗಳನ್ನ ತಡೆಯೋ ಸರ್ವರ್ ಹಾಕ್ಕೊಳ್ಳೋಕೆ ಆಗೋ ಸೆಟ್ಟಿಂಗ್) ಇದೆ, ಎಲ್ಲಾ ಆಡ್ಸ್ ಹೋಗಲ್ಲ ಆದ್ರೆ ಬಹಳಷ್ಟು ಹೋಗತ್ತೆ. ಬೇಡದ ಆಪ್‌ಗಳನ್ನ ಕಂಪ್ಯೂಟರ್‌ಗೆ ಹಚ್ಚಿ ಎಡಿಬಿ ಅನ್ನೋ ಟೂಲ್ ಮೂಲಕ ರೂಟ್ ಇಲ್ದೇನೇ ನಿಮ್ಮ ಯೂಸರ್‌ಗೆ ತೆಗೀಬಹುದು. ಸ್ಕ್ರೀನ್ ರೆಕಾರ್ಡಿಂಗ್ ಆಂಡ್ರಾಯ್ಡ್ 11ರಲ್ಲೇ ಬಂದಿದೆ. ಕಸ್ಟಮ್ ರಾಮ್ (ಕಂಪನಿದಲ್ಲದ ಬೇರೆ ಆಂಡ್ರಾಯ್ಡ್ ಸಾಫ್ಟ್‌ವೇರ್) ಹಾಕೋಕೆ ಅನ್‌ಲಾಕ್ ಬೇಕು, ರೂಟ್ ಬೇಕಿಲ್ಲ. ಸ್ಯಾಮ್‌ಸಂಗ್ ಫೋನ್ ಇರೋರಂತೂ ಇನ್ನೂ ಹುಷಾರಾಗಿರಿ, ಅದರ ನಾಕ್ಸ್ ಫ್ಯೂಸ್ (ಸಾಫ್ಟ್‌ವೇರ್ ಮುಟ್ಟಿದ್ದನ್ನ ಚಿಪ್ಪಲ್ಲಿ ಶಾಶ್ವತವಾಗಿ ಗುರುತು ಮಾಡೋದು) ಒಂದ್ಸಲ ಹೋದ್ರೆ ಒರಿಜಿನಲ್ ಸಾಫ್ಟ್‌ವೇರ್ ಹಾಕಿದ್ರೂ ಸರಿ ಹೋಗಲ್ಲ, ಸೆಕ್ಯೂರ್ ಫೋಲ್ಡರ್ ಥರದ್ದು ಮತ್ತೆ ಸಿಗಲ್ಲ. ನನ್ನ ಪ್ರಕಾರ ದಿನಾ ಬಳಸೋ ಒಂದೇ ಫೋನ್ ಇರೋರು ರೂಟ್ ಮಾಡ್ಲೇಬಾರ್ದು, ಪಕ್ಕಕ್ಕಿಟ್ಟಿರೋ ಹಳೇ ಫೋನಲ್ಲಿ ಏನು ಬೇಕಾದ್ರೂ ಮಾಡಿ ಕಲೀರಿ, ಅದ್ರಲ್ಲಿ ತಪ್ಪಿಲ್ಲ.

ಈಗಾಗ್ಲೇ ರೂಟ್ ಮಾಡಿರೋರಿಗೆ: ಲಾಕ್ ಮಾಡೋ ಮುಂಚೆ ನಿಮ್ಮ ಮಾಡೆಲ್‌ದೇ ಪೂರ್ತಿ ಫ್ಯಾಕ್ಟರಿ ಇಮೇಜನ್ನ ಬೂಟ್, ವಿಬಿಮೆಟಾ, ಸಿಸ್ಟಮ್ ಎಲ್ಲಾ ಸೇರಿ ಫ್ಲಾಶ್ ಮಾಡಿ, ಎ ಮತ್ತು ಬಿ ಸ್ಲಾಟ್ (ಸಿಸ್ಟಮ್ ಇಡೋ ಎರಡು ಜಾಗ) ಇರೋ ಫೋನಾದ್ರೆ ಎರಡಕ್ಕೂ, ಈ ಸಲ ವೆರಿಟಿ ಆಫ್ ಮಾಡೋ ಆಪ್ಷನ್ ಇಲ್ಲದೇ. ಫ್ಲಾಶ್ ಮಾಡೋ ವರ್ಷನ್ ಈಗಿರೋದಕ್ಕಿಂತ ಹಳೇದು ಆಗಿರ್ಬಾರ್ದು. ಆಮೇಲೆ ಒಂದ್ಸಲ ಬೂಟ್ ಮಾಡಿ, ಅಪ್‌ಡೇಟ್ ಸಲೀಸಾಗಿ ಇಳಿಯತ್ತಾ ನೋಡಿ. ಕಂಪನಿ ನಿಮ್ಮ ಮಾಡೆಲ್‌ಗೆ ಪೂರ್ತಿ ಇಮೇಜ್ ಕೊಡ್ತಾನೇ ಇಲ್ಲ ಅಂದ್ರೆ ಲಾಕ್ ಕಮಾಂಡ್ ಟೈಪ್ ಮಾಡ್ಲೇಬೇಡಿ. ಅನ್‌ಲಾಕ್ ಆಗಿರೋ ಫೋನ್ ಆನ್ ಮಾಡ್ದಾಗೆಲ್ಲ ಒಂದು ಎಚ್ಚರಿಕೆ ತೋರಿಸತ್ತೆ, ಬ್ಯಾಂಕ್ ಆಪ್ ಥರದ್ದು ತಕರಾರು ಮಾಡ್ಬಹುದು, ಆದ್ರೆ ಏನಾದ್ರೂ ಕೆಟ್ರೆ ಮತ್ತೆ ಫ್ಲಾಶ್ ಮಾಡ್ಬಹುದು.